ಡೀಸೆಲ್ ತಿನ್ನುವ ಜೀವ ಆ ಮಣ್ಣಿನಲ್ಲೇ ಇತ್ತು

ಬಳ್ಳಾರಿಯಲ್ಲಿ ಲಾರಿ ಗ್ಯಾರೇಜುಗಳಿಗೆ ಬರವಿಲ್ಲ. ಪರಿಚಯದವರ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಡ್ರಮ್ ಇಡುವ ಜಾಗದ ಮಣ್ಣು ವರ್ಷಗಟ್ಟಲೆ ಎಣ್ಣೆ ಕುಡಿದು ಅಂಟಂಟಾಗಿತ್ತು. ನೀರು ಹಾಕಿದರೆ ಇಂಗುತ್ತಿರಲಿಲ್ಲ, ಹನಿಹನಿಯಾಗಿ ಉರುಳಿ ಹೋಗುತ್ತಿತ್ತು. ನಾನು ಡಿಗ್ರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಆ ಮಣ್ಣನ್ನು ಬ್ಯಾಕ್ಟೀರಿಯಾದಿಂದಲೇ ಸರಿಮಾಡಬಹುದು ಅಂದಾಗ ಮೇಸ್ತ್ರಿ ನಂಬಲಿಲ್ಲ. "ಹುಲ್ಲೇ ಹುಟ್ಟಲ್ಲ ಮೇಡಂ, ಅದ್ರಾಗೆ ಜೀವ ಎಲ್ಲಿರ್ತೈತೆ?"

ಇರುತ್ತದೆ. ಎಣ್ಣೆ ಬಿದ್ದ ಮಣ್ಣಿನಲ್ಲೇ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಜಾಸ್ತಿ ಇರುತ್ತವೆ. ಬೇರೆಯವು ಸಾಯುತ್ತವೆ, ಇವು ಬೆಳೆಯುತ್ತವೆ. ಅದನ್ನು ತೋರಿಸಲು ಬುಶ್ನೆಲ್-ಹಾಸ್ ದ್ರಾವಣ ಮಾಡಿಕೊಂಡೆ. ಅದರಲ್ಲಿ ಬರೀ ಲವಣಗಳು. ಒಂದು ಲೀಟರ್ ನೀರಿಗೆ ಅಮೋನಿಯಂ ನೈಟ್ರೇಟ್ 1 ಗ್ರಾಂ, ಎರಡು ಬಗೆಯ ಪೊಟ್ಯಾಸಿಯಂ ಫಾಸ್ಫೇಟ್ ತಲಾ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಜೊತೆಗೆ ಚೂರು ಕ್ಯಾಲ್ಸಿಯಂ, ಚೂರು ಕಬ್ಬಿಣ. ಸಕ್ಕರೆ ಇಲ್ಲ, ಪೆಪ್ಟೋನ್ ಎಂಬ ಪ್ರೋಟೀನಿನ ಆಹಾರವೂ ಇಲ್ಲ. ಇಂಗಾಲ ಬೇಕಾದರೆ ಮೇಲೆ ಹಾಕಿದ ಡೀಸೆಲ್ಲನ್ನೇ ತಿನ್ನಬೇಕು. ಒಂದು ಫ್ಲಾಸ್ಕಿಗೆ ಆ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣನ್ನು ಆಟೋಕ್ಲೇವ್ ಮಾಡಿ ಜೀವ ತೆಗೆದು ಹಾಕಿದೆ. ಎರಡನ್ನೂ ಅಲುಗಾಡಿಸುವ ಯಂತ್ರವಾದ ಶೇಕರ್ ಮೇಲೆ ಇಟ್ಟೆ.

ಮೊದಲು ಎರಡರಲ್ಲೂ ಡೀಸೆಲ್ ಪೊರೆಯಾಗಿ ತೇಲುತ್ತಿತ್ತು. ಆಮೇಲೆ ಜೀವ ಇದ್ದ ಫ್ಲಾಸ್ಕಿನಲ್ಲಿ ಪೊರೆ ಒಡೆದು ಸಣ್ಣ ಹನಿಗಳಾಯಿತು, ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಇದು ಬ್ಯಾಕ್ಟೀರಿಯಾ ತಯಾರಿಸುವ ಸಾಬೂನಿನಂಥ ವಸ್ತುವಿನ ಕೆಲಸ. ಎಣ್ಣೆ ಚಿಕ್ಕ ಹನಿಯಾದಷ್ಟೂ ಅವಕ್ಕೆ ಬಾಯಿಗೆ ಸಿಗುತ್ತದೆ. ಇನ್ನೊಂದು ಫ್ಲಾಸ್ಕಿನಲ್ಲಿ ಪೊರೆ ಹಾಗೇ ಇತ್ತು. ಡಿಸಿಪಿಐಪಿ ಅನ್ನುವ ನೀಲಿ ಬಣ್ಣ ಹಾಕಿಯೂ ನೋಡಿದೆ. ಎಣ್ಣೆ ಆಕ್ಸಿಡೀಕರಣವಾಗುವಾಗ ಬರುವ ಎಲೆಕ್ಟ್ರಾನುಗಳನ್ನು ಈ ಬಣ್ಣ ತೆಗೆದುಕೊಂಡು ನೀಲಿ ಕಳೆದುಕೊಳ್ಳುತ್ತದೆ. ಮೇಸ್ತ್ರಿಯವರನ್ನೇ ಲ್ಯಾಬಿಗೆ ಕರೆಸಿ ತೋರಿಸಿದೆ.

ಒಳಗೆ ಏನು ನಡೆಯುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಡೀಸೆಲ್ಲಿನಲ್ಲಿರುವ ಹೆಕ್ಸಾಡೆಕೇನ್ ತೆಗೆದುಕೊಳ್ಳಿ. 16 ಇಂಗಾಲದ ನೇರ ಸರಪಳಿ, ಸುತ್ತ ಜಲಜನಕ, ಅಷ್ಟೇ. ಕಿಣ್ವಕ್ಕೆ ಹಿಡಿಯಲು ಜಾಗವೇ ಇಲ್ಲ. ಆಲ್ಕೇನ್ ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಗಾಳಿಯ ಆಮ್ಲಜನಕದಿಂದ ಒಂದು ಪರಮಾಣು ತೆಗೆದು ಸರಪಳಿಯ ತುದಿಗೆ ಸೇರಿಸುತ್ತದೆ. ಎಣ್ಣೆ ಆಲ್ಕೊಹಾಲ್ ಆಯಿತು. ಮುಂದಿನ ಕಿಣ್ವ ಅದನ್ನು ಆಲ್ಡಿಹೈಡ್ ಮಾಡುತ್ತದೆ, ಅದರ ಮುಂದಿನದು ಕೊಬ್ಬಿನಾಮ್ಲ ಮಾಡುತ್ತದೆ. ಹೆಕ್ಸಾಡೆಕೇನಿನಿಂದ ಬರುವುದು ಪಾಮಿಟಿಕ್ ಆಮ್ಲ. ಪಾಮ್ ಎಣ್ಣೆಯಲ್ಲಿ, ತುಪ್ಪದಲ್ಲಿ ಇರುವ ಅದೇ ಪಾಮಿಟಿಕ್ ಆಮ್ಲ! ಇಲ್ಲಿಂದ ಮುಂದೆ ಹೊಸದೇನಿಲ್ಲ. ತುಪ್ಪ ತಿಂದಾಗ ನಮ್ಮ ದೇಹ ಮಾಡುವಂತೆ, ಬೀಟಾ ಆಕ್ಸಿಡೇಶನ್ ದಾರಿಯಲ್ಲಿ ಬ್ಯಾಕ್ಟೀರಿಯಾ ಅದನ್ನು ಎರಡೆರಡು ಇಂಗಾಲವಾಗಿ ಕತ್ತರಿಸುತ್ತವೆ. 16 ಇಂಗಾಲದಿಂದ ಅಸಿಟೈಲ್ ಕೋ-ಎ ಎಂಬ ಎರಡು ಇಂಗಾಲದ ತುಂಡುಗಳು 8. ಸ್ವಲ್ಪ ಮೈ ಕಟ್ಟಲು ಹೋಗುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್, ನೀರು.

ಅಂದರೆ ಕಷ್ಟವೆಲ್ಲ ಆ ಮೊದಲ ಹೆಜ್ಜೆಯಲ್ಲಿದೆ, ಅದಕ್ಕೆ ಗಾಳಿ ಬೇಕೇ ಬೇಕು. ಗಾಳಿಯಿಲ್ಲದೆ ಬೇರೆ ದಾರಿಯಲ್ಲಿ ಒಡೆಯುವ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಅವುಗಳ ಕೆಲಸ ಬಹಳ ನಿಧಾನ. ಒಂದು ಕೆಜಿ ಹೆಕ್ಸಾಡೆಕೇನ್ ಪೂರ್ತಿ ಒಡೆಯಲು ಸುಮಾರು 3.5 ಕೆಜಿ ಆಮ್ಲಜನಕ ಬೇಕು. ಲೆಕ್ಕ ಹಾಕಿದರೆ 15 ಕೆಜಿ ಗಾಳಿ. ಒತ್ತಿಕೊಂಡ ಎರೆಮಣ್ಣಿನೊಳಗೆ ಅಷ್ಟು ಗಾಳಿ ಎಲ್ಲಿಂದ ಬರಬೇಕು?

ಹಾಗಾಗಿ ಮಣ್ಣು ಅಗೆಸಿ, ತಾಡಪತ್ರಿ ಹಾಸಿ, ಮೊಣಕಾಲೆತ್ತರದ ಗುಡ್ಡೆ ಮಾಡಿಸಿದೆ. ಎರೆಮಣ್ಣು ನೀರು ಕುಡಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಸಿರುಗುಪ್ಪದ ಕಡೆಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿ ಬೆರೆಸಿದೆವು. ಬ್ಯಾಕ್ಟೀರಿಯಾಕ್ಕೆ ಮೈ ಕಟ್ಟಲು ಸಾರಜನಕ, ರಂಜಕವೂ ಬೇಕು. ಅದರ ಲೆಕ್ಕ ಹೀಗೆ: 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ. ಒಂದು ಕೆಜಿ ಡೀಸೆಲ್ಲಿನಲ್ಲಿ ಇಂಗಾಲ ಸುಮಾರು 850 ಗ್ರಾಂ. ಅದಕ್ಕೆ ಸಾರಜನಕ 85 ಗ್ರಾಂ, ಅಂದರೆ ಯೂರಿಯಾ ಹೆಚ್ಚುಕಡಿಮೆ 185 ಗ್ರಾಂ. ಒಂದೇ ಸಲ ಸುರಿಯಬಾರದು. ನಮ್ಮ ಕ್ಷಾರದ ಮಣ್ಣಿನಲ್ಲಿ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ, ಜಾಸ್ತಿಯಾದರೆ ಬ್ಯಾಕ್ಟೀರಿಯಾಕ್ಕೂ ವಿಷ. ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪ ಚಿಮುಕಿಸಿದೆವು. ರಂಜಕಕ್ಕೆ ಒಂದಿಷ್ಟು ಡಿಎಪಿ ಗೊಬ್ಬರ.

ಬಳ್ಳಾರಿ ಬಿಸಿಲಂತೂ ಗೊತ್ತಲ್ಲ. 40 ಡಿಗ್ರಿ ದಾಟಿದರೆ ಗುಡ್ಡೆ ನೋಡನೋಡುತ್ತಾ ಒಣಗುತ್ತದೆ, ಒಣಗಿದರೆ ಕೆಲಸ ನಿಲ್ಲುತ್ತದೆ. ಒದ್ದೆ ಗೋಣಿಚೀಲ ಹೊದಿಸಿದ್ದೆವು. ವಾರ ವಾರ ಸಲಿಕೆಯಿಂದ ಮಗುಚಿ ಹಾಕುವುದು ಗ್ಯಾರೇಜಿನ ಹುಡುಗರ ಕೆಲಸ. ನಿಜವಾದ ಚಿಕಿತ್ಸೆ ಅದೇ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ತರಬಹುದಿತ್ತಲ್ಲ ಎಂದು ಹಲವರು ಕೇಳಿದರು. ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿಯವರು ರೂಪಿಸಿದ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್‌ಗೆ ಪೇಟೆಂಟ್ ಕೊಡಬಹುದು ಎಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅವರ ಹೆಸರು ಎಲ್ಲರಿಗೂ ಗೊತ್ತಾಯಿತು. ನಮ್ಮಲ್ಲಿ ದೆಹಲಿಯ ಟೆರಿ ಸಂಶೋಧನಾ ಸಂಸ್ಥೆಯ ಬ್ಯಾಕ್ಟೀರಿಯಾ ಮಿಶ್ರಣ ಆಯಿಲ್‌ಝಾಪರ್ ಇದೆ, ತೈಲ ಕೆಸರಿನಂಥ ದೊಡ್ಡ ಕೆಲಸಕ್ಕೆ ಅದು ಬೇಕು. ಇಂಥ ಹಳೆಯ ಸಣ್ಣ ಜಾಗಕ್ಕೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿರುವ ಜೀವಕ್ಕೆ ಗಾಳಿ, ನೀರು, ಗೊಬ್ಬರ ಕೊಟ್ಟರೆ ಸಾಕು.

ಮೊದಲು ಹೋದದ್ದು ವಾಸನೆ. ಆಮೇಲೆ ನೀರು ಇಂಗತೊಡಗಿತು. ನೇರ ಸರಪಳಿಗಳು ಬೇಗ ಹೋಗುತ್ತವೆ, ಕವಲೊಡೆದವು ನಿಧಾನ, ಹಲವು ಉಂಗುರದ ಸಂಯುಕ್ತಗಳು ಇನ್ನೂ ನಿಧಾನ. ಅವು ಉಳಿದಿರಬಹುದು ಅಂತಲೇ ಆ ಮಣ್ಣನ್ನು ಹೊಲಕ್ಕೆ ಬಿಡಲಿಲ್ಲ, ಗ್ಯಾರೇಜಿನ ಅಂಗಳದ ತಗ್ಗಿಗೆ ತುಂಬಿಸಿದರು. ಬಳಸಿದ ಎಂಜಿನ್ ಆಯಿಲ್ಲಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ಅದರಲ್ಲಿ ಸತು, ಸೀಸದಂಥ ಲೋಹಗಳಿರುತ್ತವೆ, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಒಡೆದು ಇಲ್ಲವಾಗಿಸಲಾರದು. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡ್ರಮ್ಮಿನಲ್ಲಿ ತುಂಬಿಟ್ಟು ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಬೇಕು.