ಶೂಟರ್ ಆಟಗಳಿಗಾಗಿ ಪಿಸಿಯನ್ನು ಹದಗೊಳಿಸುವ ಬಗೆ: ಮಾನಿಟರ್‌ನಿಂದ ಗುರಿಯವರೆಗೆ

ಶೂಟರ್ ಆಟಗಳಿಗೆಂದು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು, ಈಗ ಮೇಜಿನ ಮೇಲಿರುವ ಯಂತ್ರ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಮೌಸ್ ಒತ್ತಿದ ಸಂಕೇತ ಪ್ರೊಸೆಸರ್‌ಗೆ ತಲುಪಿ, ಅಲ್ಲಿ ಆಟದ ಲೆಕ್ಕ ಮುಗಿದು, ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ಸಿದ್ಧಪಡಿಸಿ, ಕೊನೆಗೆ ಮಾನಿಟರ್ ಅದನ್ನು ತೋರಿಸುವವರೆಗೆ ಪ್ರತಿ ಹಂತದಲ್ಲೂ ಕೆಲವು ಮಿಲಿಸೆಕೆಂಡುಗಳು ಕಳೆಯುತ್ತವೆ. ಈ ವಿಳಂಬವನ್ನು ತಗ್ಗಿಸುವುದು ಮುಖ್ಯ. ಅದು ಒಂದೇ ಸಮನಾಗಿರುವಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ, ಏಕೆಂದರೆ ಗಳಿಗೆಗೊಮ್ಮೆ ಬದಲಾಗುವ ವಿಳಂಬಕ್ಕೆ ಕೈ ಎಂದೂ ಒಗ್ಗುವುದಿಲ್ಲ.

ಮೊದಲು ಮಾನಿಟರ್. 60 ಹರ್ಟ್ಜ್ ಪರದೆಯಲ್ಲಿ ಹೊಸ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ; 144 ಹರ್ಟ್ಜ್‌ನಲ್ಲಿ 6.9, 240 ಹರ್ಟ್ಜ್‌ನಲ್ಲಿ 4.2 ಮಿಲಿಸೆಕೆಂಡಿಗೊಮ್ಮೆ. ಅಂದರೆ 60ರಿಂದ 144ಕ್ಕೆ ಏರಿದಾಗ ಸುಮಾರು 10 ಮಿಲಿಸೆಕೆಂಡು ಉಳಿಯುತ್ತದೆ, ಅಲ್ಲಿಂದ 240ಕ್ಕೆ ಏರಿದಾಗ 3ಕ್ಕಿಂತ ಕಡಿಮೆ. ಮೊದಲ ಏರಿಕೆಯ ವ್ಯತ್ಯಾಸ ಎಂಥವರ ಕಣ್ಣಿಗೂ ಬೀಳುತ್ತದೆ. ಎರಡನೆಯದಕ್ಕೆ ಹಣ ಹಾಕುವ ಮುನ್ನ ಯೋಚಿಸಬಹುದು. ಹೊಸ ಮಾನಿಟರ್ ಜೋಡಿಸಿದ ಮಾತ್ರಕ್ಕೆ ವಿಂಡೋಸ್ ಅದನ್ನು ಗರಿಷ್ಠ ವೇಗದಲ್ಲಿ ಓಡಿಸುತ್ತದೆ ಎಂದು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬ ಕ್ರಮದಲ್ಲಿ ಹೋಗಿ, ರಿಫ್ರೆಶ್ ರೇಟ್ 60ರಲ್ಲೇ ನಿಂತಿದ್ದರೆ ಬದಲಿಸಿ. ಪಟ್ಟಿಯಲ್ಲಿ ಹೆಚ್ಚಿನ ಸಂಖ್ಯೆಯೇ ಕಾಣದಿದ್ದರೆ ಕೇಬಲ್ ಮತ್ತು ಪೋರ್ಟ್ ನೋಡಿ. ಕೇಬಲ್ ಮದರ್‌ಬೋರ್ಡಿನ ಪೋರ್ಟಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಸೇರಿರಬೇಕು. ಮಾನಿಟರ್‌ನಲ್ಲಿರುವುದು ಹಳೆಯ ಎಚ್‌ಡಿಎಂಐ ಪೋರ್ಟ್ ಆಗಿದ್ದರೆ ಡಿಸ್‌ಪ್ಲೇಪೋರ್ಟ್ ಬಳಸುವುದು ಲೇಸು, ಅದರ 1.2 ಆವೃತ್ತಿಯೇ 1440ಪಿ (2560×1440 ಪಿಕ್ಸೆಲ್) ಚಿತ್ರವನ್ನು 144 ಹರ್ಟ್ಜ್‌ನಲ್ಲಿ ಸಾಗಿಸಬಲ್ಲದು.

ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಓವರ್‌ಡ್ರೈವ್ ಅಥವಾ ರೆಸ್ಪಾನ್ಸ್ ಟೈಮ್ ಎಂಬ ಆಯ್ಕೆಯಿರುತ್ತದೆ. ಪಿಕ್ಸೆಲ್‌ಗಳು ಬಣ್ಣ ಬದಲಿಸುವ ವೇಗವನ್ನು ಹೆಚ್ಚಿಸುವುದು ಅದರ ಕೆಲಸ. ಜಾಹೀರಾತಿನಲ್ಲಿ ಅಚ್ಚಾಗುವ 1 ಮಿಲಿಸೆಕೆಂಡಿನ ಅಂಕಿ ಹಲವು ವೇಳೆ ಇದರ ಅತ್ಯುಚ್ಚ ಹಂತದಲ್ಲಿ ಅಳೆದದ್ದಾಗಿದ್ದು, ಆ ಹಂತದಲ್ಲಿ ಆಡುವುದೇ ಕಷ್ಟ. ಸರಿಯಾದ ಹಂತವನ್ನು ಕಣ್ಣಳತೆಯಲ್ಲೇ ಕಂಡುಕೊಳ್ಳಬಹುದು. ಅಭ್ಯಾಸದ ಮ್ಯಾಪಿನಲ್ಲಿ, ಬೆಳಕಿನ ಗೋಡೆಯ ಮುಂದಿರುವ ಕಪ್ಪು ಕಂಬವೊಂದನ್ನು ಆರಿಸಿಕೊಂಡು, ಮೌಸನ್ನು ಎಡಕ್ಕೂ ಬಲಕ್ಕೂ ಒಂದೇ ವೇಗದಲ್ಲಿ ಸರಿಸುತ್ತ ಕಂಬದ ಅಂಚನ್ನೇ ಗಮನಿಸಿ. ಅಂಚಿನ ಹಿಂದೆ ಮಬ್ಬು ನೆರಳು ಬಾಲದಂತೆ ಎಳೆದು ಬಂದರೆ ಓವರ್‌ಡ್ರೈವ್ ಸಾಲದು. ಅಲ್ಲಿ ಗೋಡೆಗಿಂತಲೂ ಬೆಳ್ಳಗಿನ ಗೆರೆಯೊಂದು ಹೊಳೆದರೆ ಅದು ಅತಿಯಾಗಿದೆ. ಬೆಳ್ಳಗೆರೆ ಕಾಣಿಸಿದ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ.

ಇನ್ನು ಫ್ರೇಮ್‌ಗಳ ವಿಚಾರ. ಎಲ್ಲರೂ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಸಿದ್ಧವಾಗುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ) ನೋಡುತ್ತಾರೆ, ಆದರೆ ಆಟ ಕೈಕೊಡುವುದು ಹೊಗೆ, ಸ್ಫೋಟ ಮತ್ತು ಐದಾರು ಆಟಗಾರರು ಒಟ್ಟಿಗೆ ಕಾಣಿಸಿಕೊಂಡ ಗಳಿಗೆಯಲ್ಲಿ. ಆದ್ದರಿಂದ ಅತಿ ನಿಧಾನದ ಶೇಕಡ 1 ಫ್ರೇಮ್‌ಗಳ ವೇಗವನ್ನು ಹೇಳುವ 1% ಲೋ ಅಂಕಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಎಫ್‌ಪಿಎಸ್‌ಗೆ ಮಿತಿ ಹಾಕದಿದ್ದರೂ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡ 60–70ರಲ್ಲೇ ತೂಗಾಡುತ್ತಿದ್ದರೆ ಹಿಂದೆ ಬಿದ್ದಿರುವುದು ಪ್ರೊಸೆಸರ್ ಅಥವಾ ಮೆಮೊರಿ. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್‌ನಂಥ ಆಟಗಳಲ್ಲಿ ಇದು ಸಾಮಾನ್ಯ. ಅಂಥ ಯಂತ್ರದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ರ‍್ಯಾಮ್. 3200 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್ ಕೂಡ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಮೆನು) ಬರೆದಿರುವ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡುವವರೆಗೆ 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ನಿಜವಾದ ವೇಗ ಕಾಣುತ್ತದೆ. ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡಿನಲ್ಲಿ ಎರಡು ರ‍್ಯಾಮ್ ಕಡ್ಡಿಗಳಿದ್ದರೆ ಸಾಮಾನ್ಯವಾಗಿ ಅವು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಬೇಕು.

ಗ್ರಾಫಿಕ್ಸ್ ಕಾರ್ಡ್ ಶೇಕಡ 99ರಲ್ಲಿ ದುಡಿಯುತ್ತಿದ್ದರೆ ತೊಂದರೆ ಬೇರೆ ಬಗೆಯದು. ಪ್ರೊಸೆಸರ್ ಸಿದ್ಧಪಡಿಸಿದ ಫ್ರೇಮ್‌ಗಳು ಕಾರ್ಡಿನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಎಫ್‌ಪಿಎಸ್ ಚೆನ್ನಾಗಿಯೇ ಕಂಡರೂ ಮೌಸ್ ಭಾರವೆನಿಸುತ್ತದೆ. ಎನ್ವಿಡಿಯಾ 2020ರಲ್ಲಿ ತಂದ ರಿಫ್ಲೆಕ್ಸ್ ಈ ಸಾಲನ್ನು ಕರಗಿಸಲೆಂದೇ ಇರುವುದು; ಆಟದಲ್ಲಿ ಆ ಆಯ್ಕೆಯಿದ್ದರೆ ಆನ್ ಮಾಡಿ, ಇಲ್ಲದಿದ್ದರೆ ಯಂತ್ರ ಸದಾ ಕಾಯ್ದುಕೊಳ್ಳಬಲ್ಲ ವೇಗಕ್ಕೆ ಆಟದೊಳಗಿನಿಂದಲೇ ಮಿತಿ ಹಾಕಿ. ಪರದೆಯ ವೇಗವನ್ನು ಎಫ್‌ಪಿಎಸ್‌ಗೆ ಹೊಂದಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಬಳಸುವವರು ಈ ಮಿತಿಯನ್ನು ರಿಫ್ರೆಶ್ ರೇಟಿಗಿಂತ ತುಸು ಕೆಳಗೆ, 144 ಹರ್ಟ್ಜ್ ಪರದೆಗೆ 141ರ ಆಸುಪಾಸಿನಲ್ಲಿ, ಇಡುವುದು ವಾಡಿಕೆ. ಎಫ್‌ಪಿಎಸ್ ಪರದೆಯ ವೇಗವನ್ನು ಮೀರಿತೆಂದರೆ ಈ ತಂತ್ರಗಳು ಕೆಲಸ ನಿಲ್ಲಿಸುತ್ತವೆ. ಇವಾವುದೂ ಇಲ್ಲದೆ, ಪರದೆ ಸಿದ್ಧವಾಗುವವರೆಗೆ ಫ್ರೇಮನ್ನು ಕಾಯಿಸುವ ವಿ-ಸಿಂಕ್ ಒಂದನ್ನೇ ಆನ್ ಮಾಡುವುದು ಶೂಟರ್ ಆಟಗಳಿಗೆ ಹೊಂದುವುದಿಲ್ಲ. ಚಿತ್ರ ಅಡ್ಡಕ್ಕೆ ಸೀಳಿದಂತೆ ಕಾಣುವುದು ನಿಲ್ಲುತ್ತದಾದರೂ ವಿಳಂಬ ಎದ್ದು ಕಾಣುವಷ್ಟು ಬೆಳೆಯುತ್ತದೆ.

ಗ್ರಾಫಿಕ್ಸ್ ಆಯ್ಕೆಗಳನ್ನೆಲ್ಲ ಕಣ್ಣುಮುಚ್ಚಿ ಲೋಗೆ ಇಳಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಚಿತ್ರವನ್ನು ಮಬ್ಬಾಗಿಸುವ ಮೋಷನ್ ಬ್ಲರ್ ಮತ್ತು ಡೆಪ್ತ್ ಆಫ್ ಫೀಲ್ಡ್ ಮಾತ್ರ ನಿಸ್ಸಂದೇಹವಾಗಿ ಆಫ್ ಆಗಬೇಕು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಕಾರ್ಡಿನ ಮೆಮೊರಿಯನ್ನು ಅವಲಂಬಿಸಿರುವುದರಿಂದ, ಮೆಮೊರಿ ಸಾಕಷ್ಟಿದ್ದರೆ ಅದನ್ನು ಇಳಿಸಿ ಗಳಿಸುವುದು ಅತ್ಯಲ್ಪ. ನೆರಳಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಕೌಂಟರ್-ಸ್ಟ್ರೈಕ್ 2ರಲ್ಲಿ ಮೂಲೆಯಾಚೆ ನಿಂತ ಎದುರಾಳಿಯ ನೆರಳು ಅವನಿಗಿಂತ ಮೊದಲೇ ನೆಲದ ಮೇಲೆ ಕಾಣಿಸಬಹುದು. ಅದೇ ಆಟದಲ್ಲಿ ಹಲವರು 4:3 ಚಿತ್ರವನ್ನು ಅಗಲದ ಪರದೆಗೆ ಹಿಗ್ಗಿಸಿ ಆಡುತ್ತಾರೆ. ಹಾಗೆ ಮಾಡಿದಾಗ ಎದುರಾಳಿ ಮೂರನೇ ಒಂದು ಭಾಗದಷ್ಟು ಹೆಚ್ಚು ಅಗಲವಾಗಿ ಕಾಣುವುದು ನಿಜ, ಆದರೆ ಪರದೆಯ ಮೇಲೆ ಅವನು ಸರಿಯುವ ವೇಗವೂ ಅಷ್ಟೇ ಹೆಚ್ಚುತ್ತದೆ, ಎರಡೂ ಬದಿಯ ನೋಟವೂ ಕಳೆದುಹೋಗುತ್ತದೆ.

ಮೌಸ್‌ಗೆ ಸಂಬಂಧಿಸಿ, ಕೈಯ ವೇಗಕ್ಕೆ ತಕ್ಕಂತೆ ಪಾಯಿಂಟರ್‌ನ ಓಟವನ್ನು ಬದಲಿಸುವ ವಿಂಡೋಸ್‌ನ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಆಯ್ಕೆಯನ್ನು ತೆಗೆದುಹಾಕಿ, ಪೋಲಿಂಗ್ ರೇಟನ್ನು (ಮೌಸ್ ಸೆಕೆಂಡಿಗೆ ಎಷ್ಟು ಸಲ ಪಿಸಿಗೆ ಸಂಕೇತ ಕಳಿಸುತ್ತದೆ ಎಂಬುದು) 1000 ಹರ್ಟ್ಜ್‌ಗೆ ಇಡಿ. ಸೆನ್ಸಿಟಿವಿಟಿಯನ್ನು ಸಂಖ್ಯೆಯಿಂದಲ್ಲ, ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಸರಿಯಬೇಕಾದ ಸೆಂಟಿಮೀಟರ್‌ಗಳಿಂದ ಅಳೆಯಿರಿ. ಕೌಂಟರ್-ಸ್ಟ್ರೈಕ್‌ನಲ್ಲಿ 800 ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಎಣಿಸುವ ಹೆಜ್ಜೆಗಳು) ಮತ್ತು ಸೆನ್ಸಿಟಿವಿಟಿ 1 ಇದ್ದರೆ ಈ ದೂರ ಸುಮಾರು 52 ಸೆಂ.ಮೀ.; ಅದೇ ದೂರ ವ್ಯಾಲರಂಟ್‌ನಲ್ಲಿ ಬೇಕಾದರೆ ಸೆನ್ಸಿಟಿವಿಟಿಯನ್ನು 3.18ರಿಂದ ಭಾಗಿಸಿ. ಹೊಸಬರು 40ರಿಂದ 50 ಸೆಂ.ಮೀ. ನಡುವೆ ಒಂದನ್ನು ಆರಿಸಿ, ಒಂದು ಪಂದ್ಯ ಸೋತ ಕೂಡಲೇ ಅದನ್ನು ಬದಲಿಸದೆ ಕೆಲವು ವಾರ ಹಾಗೆಯೇ ಬಿಡಬೇಕು.

ಇಷ್ಟಾದ ಮೇಲೆ ಆಟದ ಒಳಗುಟ್ಟುಗಳಿಗೆ ಬರಬಹುದು. ಕೌಂಟರ್-ಸ್ಟ್ರೈಕ್‌ನಲ್ಲಿ ಓಡುತ್ತ ಹೊಡೆದ ಗುಂಡು ಗುರಿ ತಪ್ಪುತ್ತದೆ, ವೇಗ ಗರಿಷ್ಠದ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಾಗಲೇ ನಿಖರತೆ ಮರಳುತ್ತದೆ. ಕೀ ಬಿಟ್ಟು ಸುಮ್ಮನಿದ್ದರೆ ಆಟಗಾರ ತುಸು ಜಾರಿ ನಿಲ್ಲುತ್ತಾನೆ. ಬಲಕ್ಕೆ ಹೋಗುವಾಗ ಡಿ ಬಿಟ್ಟು ಎಡಕ್ಕೆ ಒಯ್ಯುವ ಎ ಕೀಯನ್ನು ಒಮ್ಮೆ ತಟ್ಟಿದರೆ ಥಟ್ಟನೆ ನಿಲ್ಲುತ್ತಾನೆ, ಗುಂಡು ಹಾರಬೇಕಾದದ್ದು ಆ ಗಳಿಗೆಯಲ್ಲಿ. ಒಂದು ಗೋಡೆಯ ಮುಂದೆ ಎಡಬಲ ಓಡಾಡುತ್ತ, ನಿಂತಾಗಲೆಲ್ಲ ಒಂದೇ ಗುಂಡು ಹೊಡೆದು, ರಂಧ್ರ ಕ್ರಾಸ್‌ಹೇರ್‌ನ (ಪರದೆಯ ನಡುವಿನ ಗುರಿಚಿಹ್ನೆ) ನಡುವೆಯೇ ಬಿದ್ದಿದೆಯೇ ಎಂದು ನೋಡಿ. ಪಕ್ಕಕ್ಕೆ ಬಿದ್ದಿದ್ದರೆ ಬೆರಳು ಅವಸರಪಟ್ಟಿದೆ ಎಂದರ್ಥ. ಎಕೆ-47 ಸೆಕೆಂಡಿಗೆ 10 ಗುಂಡು ಹಾರಿಸುತ್ತದೆ. ಬಿಡದೆ ಹಾರಿಸುವ ಸ್ಪ್ರೇಯ ಮೊದಲ ಎಂಟು-ಹತ್ತು ಗುಂಡುಗಳು ಬಹುಮಟ್ಟಿಗೆ ಮೇಲಕ್ಕೆ ಏರಿ, ಅನಂತರದವು ಅಡ್ಡಕ್ಕೆ ಹೊರಳುತ್ತವೆ. ಮೊದಲು ಆ ಏರಿಕೆಯನ್ನು ಮೌಸ್ ಕೆಳಗೆಳೆದು ಸರಿದೂಗಿಸುವುದನ್ನು ಮಾತ್ರ ಕಲಿಯಿರಿ, ಏಕೆಂದರೆ ಹೆಚ್ಚಿನ ಕಾಳಗಗಳು ಅಷ್ಟರಲ್ಲೇ ತೀರ್ಮಾನವಾಗುತ್ತವೆ. ನಡೆಯುವಾಗಲೂ ಕ್ರಾಸ್‌ಹೇರ್ ತಲೆಯ ಎತ್ತರದಲ್ಲೇ ಇರಲಿ.

ಮೂಲೆ ಕಾಯುವಾಗ ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ. ಮೂಲೆಯಿಂದ ದೂರವಿರುವವನಿಗೆ ಹತ್ತಿರವಿರುವವನು ಮೊದಲು ಕಾಣುತ್ತಾನೆ. ಅದರ ಜೊತೆಗೆ, ಮೂಲೆಯಿಂದ ಹೊರಬಂದವನ ಚಲನೆ ಸರ್ವರ್ ಮೂಲಕ ನಿಮ್ಮ ಪರದೆಗೆ ಬರುವಷ್ಟರಲ್ಲಿ ಅವನು ನಿಮ್ಮನ್ನು ಕಂಡಾಗಿರುತ್ತದೆ. ಎರಡೂ ಕಡೆಯ ಪಿಂಗ್ (ಸಂಕೇತ ಸರ್ವರ್‌ಗೆ ಹೋಗಿ ಬರುವ ಸಮಯ) ಹೆಚ್ಚಿದಷ್ಟೂ ಈ ಅಂತರ ಹಿಗ್ಗುವುದರಿಂದ ವೈ-ಫೈ ಬಿಟ್ಟು ಈಥರ್‌ನೆಟ್ ಕೇಬಲ್ ಹಾಕಿಕೊಳ್ಳಿ, ಮತ್ತು ಒಮ್ಮೆ ಗುಂಡು ಹೊಡೆದ ಜಾಗದಲ್ಲೇ ನಿಂತು ಎರಡನೆಯವನಿಗಾಗಿ ಕಾಯಬೇಡಿ.