ಎಣ್ಣಿ ಕುಡದಾನ್ರೀ: ಕ್ಯಾಶುವಾಲ್ಟಿಯಲ್ಲಿ ನನ್ನ ಅನುಭವ

“ಕುಡದಾನ್ರೀ ಸಾಹೇಬ್ರ, ಮಲಕೊಳ್ಳಿ ಬಿಡ್ರಿ. ಮುಂಜಾನೆ ತಾನ ಎದ್ದು ಹೊಕ್ಕಾನ.” ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗೆ ಬಂದ ಮೊದಲ ವರ್ಷ ನಾನೂ ಇದನ್ನೇ ನಂಬಿದ್ದೆ. ಜಾತ್ರೆಯ ರಾತ್ರಿ ಒಬ್ಬರಿಗೆ ಡ್ರಿಪ್ ಹಾಕಿ ಮೂಲೆ ಮಂಚಕ್ಕೆ ಕಳಿಸಿದೆ. ಬೆಳಗಿನ ಐದಕ್ಕೆ ನೋಡಿದರೆ ಬಲಗಣ್ಣಿನ ಪಾಪೆ ಅಗಲವಾಗಿತ್ತು, ತಲೆಯೊಳಗೆ ರಕ್ತ ಒತ್ತುತ್ತಿರಬಹುದಾದ ಗುರುತು. ಕೂದಲ ಸಂದಿಯಲ್ಲಿ ಒಣಗಿದ ರಕ್ತ. ನಾನು ಅಲ್ಲಿ ಕೈಯಾಡಿಸಿಯೇ ಇರಲಿಲ್ಲ.

ಆಮೇಲೆ ಕೇಸ್ ಶೀಟಿನ ಬೆನ್ನಿಗೆ ಗೆರೆ ಎಳೆಯಲು ಶುರು ಮಾಡಿದೆ. ಬಂದ ಕೂಡಲೇ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್), ಮತ್ತೆ ಗಂಟೆಗೊಮ್ಮೆ ಜಿಸಿಎಸ್ (ಎಷ್ಟು ಎಚ್ಚರವಿದೆ ಅನ್ನುವ ಅಂಕ), ಪಾಪೆ, ಉಸಿರು, ರಕ್ತದ ಆಮ್ಲಜನಕದ ಸ್ಯಾಚುರೇಷನ್. ರಕ್ತದ ಮದ್ಯ ಗಂಟೆಗೆ ಡೆಸಿಲೀಟರ್‌ಗೆ 15–20 ಮಿ.ಗ್ರಾಂ ಇಳಿಯುತ್ತೆ, ಅಂದರೆ ಆಸಾಮಿಯ ಬೈಗುಳ ಹೊತ್ತು ಹೋದಂತೆ ಸ್ಪಷ್ಟವಾಗಬೇಕು. ಮೂರು ಗಂಟೆಯಾದರೂ ಜಿಸಿಎಸ್ ಅಂಕ ಏರದಿದ್ದರೆ ತಲೆಯ ಸಿಟಿ ಸ್ಕ್ಯಾನ್. ಇಳಿದರೆ, ಅಥವಾ ತಲೆಗೆ ಪೆಟ್ಟಿದ್ದರೆ, ಕಾಯೋದೇ ಇಲ್ಲ.

“ಕುಡುಕರಿಗೂ ಐಸಿಯು ಮಾಡೀರೇನ್ರೀ?” ಅಂತ ಹಿರಿಯರು ನಕ್ಕರು. ತಿಂಗಳ ಇಪ್ಪತ್ತಕ್ಕೆ ಶುಗರ್ ನೋಡುವ ಸ್ಟ್ರಿಪ್ ಖಾಲಿ. ಐವತ್ತರ ಡಬ್ಬಿಗೆ ಎಂಟುನೂರೋ ಒಂಬೈನೂರೋ, ನನ್ನ ಜೇಬಿನಿಂದ. ಹೊರಗಿನ ಸಿಟಿಗೆ ಎರಡೂವರೆ ಸಾವಿರ. ಮೊದಲ ಎರಡು ನಾರ್ಮಲ್ ಬಂದು ಮನೆಯವರ ಕೈಲಿ ಉಗಿಸಿಕೊಂಡೆ. ಮೂರನೆಯದು ದಪ್ಪನೆಯ ಸಬ್‌ಡ್ಯೂರಲ್, ಅಂದರೆ ಮೆದುಳಿನ ಹೊದಿಕೆಯಡಿ ಕಟ್ಟಿದ ರಕ್ತ. ಆ ಮನುಷ್ಯ ಈಗ ನಮ್ಮ ಗೇಟಿನೆದುರೇ ಮಿರ್ಚಿ ಕರೀತಾನೆ.

ಮಧ್ಯೆ ನಾಲ್ಕು ಸಾವಿರ ಕೊಟ್ಟು ಬ್ರೆತ್ ಅನಲೈಸರ್ ತರಿಸಿದ್ದೆ. ದಂಡವಾಯಿತು. ಭಾರೀ ರೀಡಿಂಗ್ ಇದ್ದವನು ಹೊಲದ ಸರ್ವೆ ನಂಬರ್ ತಪ್ಪದೆ ಹೇಳಿದ. ಕಣ್ಣೇ ಬಿಡದ ಇನ್ನೊಬ್ಬ ಊದೋದಾದರೂ ಹೇಗೆ? ಅವನ ಶುಗರ್ 32ಕ್ಕೆ ಇಳಿದಿತ್ತು. ಥಯಮಿನ್ (ವಿಟಮಿನ್ ಬಿ1) ಜೊತೆಗೇ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಏರಿಸಿದೆ, ಎದ್ದು ಕೂತು ಬೀಡಿ ಕೇಳಿದ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಒಂದು ಮಾತು. “ಎಣ್ಣಿ ಕುಡದಾನ್ರೀ” ಅಂದರು ಒಬ್ಬ ರೋಗಿಯ ಹೆಂಡತಿ. ಮೈಸೂರು ಕಡೆಯವನಾದ ನನಗೆ ಎಣ್ಣೆ ಅಂದರೆ ಬ್ರಾಂದಿ, ವಾಸನೆಯೂ ಅದೇ. ಗಂಟೆ ಕಳೆದು ಸಿಸ್ಟರ್ ಕರೆದರು: “ಸರ್, ಜೊಲ್ಲು ನಿಲ್ಲವಲ್ದು.” ಪಾಪೆ ಸೂಜಿಮೊನೆ, ನಾಡಿ ಐವತ್ತರ ಆಸುಪಾಸು. ಲುಂಗಿಯನ್ನು ಮೂಗಿಗೆ ಹಿಡಿದೆ: ಹತ್ತಿಗೆ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕ! ಆ ವಿಷಕ್ಕೆ ಕೊಡುವ ಅಟ್ರೋಪಿನ್ ಆ್ಯಂಪೂಲ್ ಒಡೆದೂ ಒಡೆದೂ ಬೆರಳು ಕುಯ್ದುಕೊಂಡಿತ್ತು. ಬದುಕಿದ.

ರೋಗಿಯ ಜೊತೆ ಕೂತು ಕುಡಿದವರ ಬಾಯಿ ಬಿಡಿಸಲು ನನ್ನದೊಂದು ಉಪಾಯವಿದೆ, ಅದನ್ನು ಬರೆದರೆ ನಾಳೆಯಿಂದ ನಡೆಯಲ್ಲ. ಈಗಂತೂ ಚೀಟಿಯ ಮೊದಲ ಸಾಲು ಸಿಸ್ಟರ್ ಅಕ್ಷರದಲ್ಲೇ ಇರುತ್ತೆ: “ಯಾವ ಎಣ್ಣಿ?”