ಪತ್ತನಾಜೆ ಆದ ಮೇಲೂ ಸಾಯದ ವಿಳಾಸಗಳು

ಉಡುಪಿಯಲ್ಲಿ ಕೂತು ನಾನು ಯಕ್ಷಗಾನ ಪ್ರಿಯರ ಒಂದು ಮೇಲಿಂಗ್ ಲಿಸ್ಟ್ (ಒಂದು ಮೇಲ್ ಹಾಕಿದರೆ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ) ನೋಡಿಕೊಳ್ಳುತ್ತಿದ್ದೇನೆ. ಯಾವ ಮೇಳದ ಆಟ ಎಲ್ಲಿ ಅನ್ನುವುದೇ ಅದರ ಮುಖ್ಯ ಸುದ್ದಿ. ಸಾಫ್ಟ್‌ವೇರ್ ಮೇಲ್‌ಮ್ಯಾನ್ 2.1. ಸದಸ್ಯರಲ್ಲಿ ಗಲ್ಫ್‌ನವರು ಜಾಸ್ತಿ. ಅಲ್ಲಿ ಕೆಲಸ ಬಿಟ್ಟರೆ ಕಂಪನಿಯ ಮೇಲ್ ವಿಳಾಸವೂ ಹೋಯಿತು. ಆಮೇಲೆ ಕಳಿಸಿದ್ದೆಲ್ಲ 550 ಎಂಬ ದೋಷ ಸಂಖ್ಯೆಯೊಂದಿಗೆ, ಇಂಥ ಬಳಕೆದಾರ ಇಲ್ಲ ಎಂದು ಬೌನ್ಸ್ ಆಗಿ ವಾಪಸ್ ಬರುತ್ತಿತ್ತು.

ಮೇಲ್‌ಮ್ಯಾನ್ ಇದಕ್ಕೆ ಅಂಕ ಇಡುತ್ತದೆ. ದಿನಕ್ಕೆ ಎಷ್ಟೇ ಮೇಲ್ ವಾಪಸ್ ಬರಲಿ, ಆ ಸದಸ್ಯರಿಗೆ ಒಂದೇ ಅಂಕ. 5 ಆದರೆ ಮೇಲ್ ನಿಲ್ಲುತ್ತದೆ. ಆಮೇಲೆ ವಾರಕ್ಕೊಂದರಂತೆ 3 ಎಚ್ಚರಿಕೆ, ಕೊನೆಗೆ ಹೆಸರೇ ಹೋಗುತ್ತದೆ. (ಎಚ್ಚರಿಕೆ ಹೋಗುವುದೂ ಆ ಸತ್ತ ವಿಳಾಸಕ್ಕೇ. ನಗು ಬರುತ್ತದೆ, ಅಲ್ವಾ?) ನಡುವೆ 7 ದಿನ ಬೌನ್ಸ್ ಇಲ್ಲದಿದ್ದರೆ ಹಳೆಯ ಅಂಕ ಲೆಕ್ಕಕ್ಕಿಲ್ಲ.

ಇದನ್ನೆಲ್ಲ ನಾನು ಸುಮ್ನೆ ಇದ್ದ ಹಾಗೇ ಬಿಟ್ಟಿದ್ದೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನ) ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಲಿಸ್ಟೂ ತಣ್ಣಗಾಗುತ್ತದೆ. ಹತ್ತು ಹದಿನೈದು ದಿನಕ್ಕೊಂದು ಮೇಲ್. ಒಂದು ಅಂಕ ಬೀಳುತ್ತದೆ, ಮುಂದಿನ ಮೇಲ್ ಹೊತ್ತಿಗೆ ಅದು ಹಳಸಿರುತ್ತದೆ, ಮತ್ತೆ ಒಂದರಿಂದ ಶುರು. ಸತ್ತ ವಿಳಾಸಗಳು ಮಳೆಗಾಲ ಪೂರ್ತಿ ಆರಾಮಾಗಿ ಉಳಿದವು. ದೀಪಾವಳಿ ಕಳೆದು ತಿರುಗಾಟ ಶುರುವಾದಾಗ ಉಲ್ಟಾ. ದಿನಾ ಮೇಲ್. ಇನ್‌ಬಾಕ್ಸ್ ತುಂಬಿಸಿಕೊಂಡಿದ್ದ ಹಿರಿಯರೊಬ್ಬರು ಐದೇ ದಿನಕ್ಕೆ ಔಟ್! "ಆಟದ ಸುದ್ದಿಯೇ ಬರುವುದಿಲ್ಲವಲ್ಲ ಮಾರಾಯ್ರೆ" ಎಂದು ಫೋನ್ ಮಾಡಿದರು. ತಪ್ಪು ನನ್ನದೇ.

ಈಗ ಮಳೆಗಾಲಕ್ಕೆ ಮೇಲ್ ನಿಲ್ಲಿಸುವ ಅಂಕದ ಮಿತಿ 3, ಅಂಕ ಹಳಸಲು 45 ದಿನ. ಆಟದ ದಿನಗಳಲ್ಲಿ ಮಿತಿ 10. ವರ್ಷಕ್ಕೆ ಎರಡು ಸಲ ಕೈಯಿಂದಲೇ ಬದಲಿಸುತ್ತೇನೆ.

ಒಂದು ಬೌನ್ಸ್ ಮಾತ್ರ ತುಂಬಾ ಕಾಡಿತು. ಅದರಲ್ಲಿದ್ದ ವಿಳಾಸ ನಮ್ಮ ಲಿಸ್ಟ್‌ನಲ್ಲೇ ಇರಲಿಲ್ಲ. ಯಾರೋ ಹಳೆಯ ವಿಳಾಸದಿಂದ ಬೇರೆ ಕಡೆಗೆ ಫಾರ್ವರ್ಡ್ ಹಾಕಿದ್ದರು, ಆ ಬೇರೆ ಕಡೆಯದು ಮುಚ್ಚಿತ್ತು. ಯಾರನ್ನು ಹಿಡಿಯುವುದು? ಮೇಲ್‌ಮ್ಯಾನ್‌ನಲ್ಲಿ ವರ್ಪ್ (VERP) ಎಂಬ ಸೌಲಭ್ಯ ಆನ್ ಮಾಡಿದೆ. ಆಗ ಪ್ರತಿ ಮೇಲ್‌ನ ವಾಪಸಾತಿ ವಿಳಾಸದ ಒಳಗೇ ಸದಸ್ಯರ ವಿಳಾಸ ಸೇರಿರುತ್ತದೆ. ದಾರಿಯಲ್ಲಿ ಎಷ್ಟು ಕೈ ಬದಲಾದರೂ ಯಾರ ಪ್ರತಿ ಎಂದು ಗೊತ್ತಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಬೇಕಾದ್ದರಿಂದ ಸರ್ವರ್‌ಗೆ ಕೆಲಸ ಜಾಸ್ತಿ. ನಮ್ಮದು ಸಣ್ಣ ಲಿಸ್ಟ್, ತಡೆದುಕೊಂಡಿತು. ಮರುದಿನವೇ ಆಸಾಮಿ ಸಿಕ್ಕಿದರು.